ಎರಡು ನಿಮಿಷ, ಒಂದು ಗ್ಲಾಸು ನೀರು

ನಾನು ಪರೀಕ್ಷೆ ಮಾಡುತ್ತಿದ್ದ ನಾಲ್ಕೂ ತಾಲ್ಲೂಕುಗಳಲ್ಲಿ ನನಗೊಂದು ಅಡ್ಡಹೆಸರಿತ್ತು: ಸೊನ್ನಿ ಮೇಡಂ, ಅಂದರೆ ಸೊನ್ನೆ ಹಾಕುವ ಮೇಡಂ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅದರಿಂದ ಬೇಜಾರಾಗಿತ್ತು ಎಂದರೆ ಸುಳ್ಳು. ಒಮ್ಮೆ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗಿಯರು ನನ್ನನ್ನು ನೋಡಿ ಆ ಹೆಸರು ಪಿಸುಗುಟ್ಟಿದಾಗ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಿದ್ದೆ. ಮನೆಗೆ ಹೋಗಿ ಕನ್ನಡಿಯನ್ನೂ ನೋಡಿಕೊಂಡೆ.

ಕೆಲಸ ದೊಡ್ಡದೇನಲ್ಲ. ವ್ಯವಹಾರದ ಇಂಗ್ಲಿಷ್ ಕಲಿತವರನ್ನು ಎದುರಿಗೆ ಕೂರಿಸಿಕೊಂಡು, ಇವರು ಬಾಯಿ ಬಿಟ್ಟು ಮಾತಾಡಬಲ್ಲರೋ ಇಲ್ಲವೋ ಎಂದು ಅಳೆದು ಅಂಕ ಹಾಕುವುದು. ಐದು ಕಾಲಮ್ಮಿನ ಒಂದು ಹಾಳೆ: ಉಚ್ಚಾರ, ಶಬ್ದಭಂಡಾರ, ತಡವರಿಸದೆ ಆಡುವುದು, ಧೈರ್ಯ, ಗಿರಾಕಿಯನ್ನು ಸಂಭಾಳಿಸುವುದು. ಒಂದೊಂದಕ್ಕೆ ಹತ್ತು ಅಂಕ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ನಿಯಮ: ಐದು ಸೆಕೆಂಡ್ ಸುಮ್ಮನಿದ್ದರೆ ಒಂದು ಅಂಕ ಕಡಿತ, ಮುಂದಿನ ಪ್ರತಿ ಐದು ಸೆಕೆಂಡಿಗೂ ಮತ್ತೊಂದು. ಉಚ್ಚಾರದ ಬಗ್ಗೆ ಯಾರಾದರೂ ನನ್ನೊಂದಿಗೆ ವಾದ ಮಾಡಬಹುದಿತ್ತು, ಗಡಿಯಾರದೊಂದಿಗೆ ಯಾರು ವಾದ ಮಾಡುತ್ತಾರೆ? ಹಾಗಾಗಿ ಆ ನಿಯಮ ನನಗೆ ಬಹಳ ಪ್ರೀತಿಯದಾಗಿತ್ತು.

ನನ್ನ ಪರಾಕ್ರಮಗಳನ್ನು ಮುಚ್ಚಿಡುವುದಿಲ್ಲ. ಗಂಗಾವತಿಯಲ್ಲಿ ಒಮ್ಮೆ ಸಿದ್ದಾಪುರದ ಅಕ್ಕಿ ಗಿರಣಿಯೊಂದರ ಗುಮಾಸ್ತರು ಬಂದಿದ್ದರು, ನನ್ನ ಅಣ್ಣನ ವಯಸ್ಸಿನವರು. ತಮ್ಮ ಪರಿಚಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದು, ತೆಲುಗಿನ ರಾಗದಲ್ಲಿ ಒಂದೂ ತಪ್ಪಿಲ್ಲದೆ ಒಪ್ಪಿಸತೊಡಗಿದರು. ಮೂರನೇ ವಾಕ್ಯಕ್ಕೆ ಕೈ ಎತ್ತಿ ನಿಲ್ಲಿಸಿ, ಕೊನೆಯಿಂದ ಹೇಳಿ ಅಂದೆ. ತೆರೆದ ಬಾಯಿ ತೆರೆದೇ ಉಳಿಯಿತು, ನಾನು ಗಡಿಯಾರ ನೋಡುತ್ತಾ ಕೂತೆ. ಕುಷ್ಟಗಿಯಲ್ಲಿ ಮೊಬೈಲ್ ಅಂಗಡಿಯ ಹುಡುಗಿಯೊಬ್ಬಳು ಅಳಲು ಶುರು ಮಾಡಿದಾಗ ನನ್ನ ಕರ್ಚೀಫ್ ಕೊಟ್ಟೆ, ಧೈರ್ಯದ ಕಾಲಮ್ಮಿನಲ್ಲಿ ನಾಲ್ಕು ಅಂಕ ಕಿತ್ತುಕೊಂಡೆ. ಯಲಬುರ್ಗಾದಲ್ಲಿ ಒಬ್ಬ ಹಿರಿಯರು ಕೈಮುಗಿದುಕೊಂಡೇ ಉತ್ತರ ಹೇಳುತ್ತಿದ್ದರು, ಗುಡಿಗೆ ಬಂದೀರೇನ್ರಿ ಎಂದು ಕೇಳಿದೆ. ಅವರು ಕೈ ಇಳಿಸಿದರು, ಅದರ ಜೊತೆಗೆ ಮಾತೂ ನಿಂತಿತು.

ಪರೀಕ್ಷೆಯ ಕೊನೆಯ ಭಾಗ ಒಂದು ಆಟ. ನಾನು ಸಿಟ್ಟಾದ ಗಿರಾಕಿಯಾಗಿ ಬಾಗಿಲು ತಳ್ಳಿಕೊಂಡು ಬರುತ್ತೇನೆ, ಎದುರಿಗಿದ್ದವರು ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ನನ್ನನ್ನು ತಣ್ಣಗೆ ಮಾಡಬೇಕು. ಸಿಟ್ಟಿಗೆ ನನಗೆ ಅಭಿನಯ ಬೇಕಿರಲಿಲ್ಲ. ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಕೊಪ್ಪಳದಲ್ಲಿ ಮಾತ್ರ ಕಲಿಸುವವಳೂ ನಾನೇ, ಅಳೆಯುವವಳೂ ನಾನೇ. ಸ್ಟೇಷನರಿ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ತರಗತಿ. ಗೋಡೆಯ ಮೇಲೆ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಯಾರೋ ಬಣ್ಣದಲ್ಲಿ ಬರೆಸಿದ್ದರು. ಎರಡು ವರ್ಷದ ಹಿಂದೆ ಗಿಣಿಗೇರಾ ಕಡೆಯ ಒಂದು ಉಕ್ಕಿನ ಕಾರ್ಖಾನೆಯಿಂದ ಹನ್ನೆರಡು ಮಂದಿ ಕಲಿಯಲು ಬಂದರು. ಎಲ್ಲರೂ ಗುತ್ತಿಗೆಯವರು. ಪಾಸಾದವರಿಗೆ ಪರ್ಮನೆಂಟ್ ನೌಕರಿ, ಆಗದವರಿಗೆ ಈಗಿರುವ ಕುರ್ಚಿಯೂ ಇಲ್ಲ. ಅವರಲ್ಲಿ ಒಬ್ಬಳ ಬಗ್ಗೆ ಬರೆಯಲಿಕ್ಕೇ ನಾನು ಕೂತಿರುವುದು.

ಅವಳಿಗೆ ಮೂವತ್ತರ ಆಸುಪಾಸು. ತಳಕಲ್ ಹತ್ತಿರದ ಒಂದು ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಬರುತ್ತಿದ್ದಳು. ಕಾರ್ಖಾನೆಯ ಗೇಟಿನ ಹತ್ತಿರ ಕೂತು ಒಳಹೋಗುವ ಲಾರಿಗಳಿಗೆ ಚೀಟಿ ಬರೆದುಕೊಡುವುದು ಅವಳ ಕೆಲಸ. ಒಡಿಶಾ, ಆಂಧ್ರ, ತಮಿಳುನಾಡಿನ ಡ್ರೈವರುಗಳ ಜೊತೆ ಗುದ್ದಾಡಿ ಗುದ್ದಾಡಿ ಒಂದು ಇಂಗ್ಲಿಷ್ ಕಲಿತಿದ್ದಳು. ನಿಧಾನದ, ಬೆಡಗಿಲ್ಲದ, ಆದರೆ ತಪ್ಪಿಲ್ಲದ ಇಂಗ್ಲಿಷ್. ಪಾಳಿ ಕೆಲಸವಾದ್ದರಿಂದ ನಾಲ್ಕು ವರ್ಷದ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟಿದ್ದಳು. ಪರ್ಮನೆಂಟ್ ಆದರೆ ಬರೀ ಹಗಲು ಕೆಲಸ, ಕಾಲೊನಿಯಲ್ಲಿ ಒಂದು ಕ್ವಾರ್ಟರ್ಸು.

“ಮಗಳು ಎಚ್ಚರ ಇದ್ದಾಗ ಆಕಿ ಮಾರಿ ನೋಡಿ ಭಾಳ ದಿನ ಆತ್ರಿ ಮೇಡಂ. ನಾ ಹೋಗೂದ್ರಾಗ ಮಲಗಿರ್ತಾಳ್ರಿ” ಎಂದು ಮೊದಲ ದಿನವೇ ಹೇಳಿದ್ದಳು. ತರಗತಿಯಲ್ಲಿ ಕನ್ನಡ ಆಡಬಾರದು ಎಂದು ನಾನು ಅವಳನ್ನು ಸುಮ್ಮನಾಗಿಸಿದೆ.

ಎರಡನೇ ವಾರ ಅವಳು ಒಂದು ತಪ್ಪು ಮಾಡಿದಳು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಕೈಬಳೆಗಳು ಸದ್ದು ಮಾಡಿದವು. ಹಿಂದಿನಿಂದ ಅವಳ ದನಿ ಬಂತು.

“ಮೇಡಂ, ನಿಮ್ಮನ್ನ ಎಲ್ಲೋ ನೋಡೀನಿ ನೋಡೀನಿ ಅಂತಿದ್ದೆ, ಈಗ ಗೊತ್ತಾತ್ರಿ. ನೀವು ಬಳಿಗಾರ ಚಾಚಾನ ಮಗಳಲ್ರಿ? ನಿಮ್ಮ ಅಪ್ಪಾರು ನಮ್ಮೂರಿಗೆ ಬಳಿ ಇಡಸಾಕ ಬರ್ತಿದ್ರು. ಸಣ್ಣಾಕಿ ಇದ್ದಾಗ ನೀವೂ ಒಂದೆರಡ ಸಲ ಬಂದಿದ್ರಿ, ಬಳಿ ಗಂಟು ಹೊತಗೊಂಡು. ಮಾರಿ ಥೇಟ್ ಅವರದ ಐತ್ರಿ. ಅವರು ಬಂದ್ರ ನಮ್ಮವ್ವ ಮೊದಲ ನೀರ ಕೊಟ್ಟು, ಅವರು ಕುಡಿಯೂತನಕ ನಿಂತು, ಆಮ್ಯಾಲೆ ಬಳಿ ಕೇಳತಿದ್ಲು.”

ಹನ್ನೊಂದು ಮಂದಿ ನಕ್ಕರು. ಹೀಯಾಳಿಸುವ ನಗು ಅಲ್ಲ, ಅಕ್ಕರೆಯದು. ಹೀಯಾಳಿಸಿದ್ದರೆ ಕ್ಷಮಿಸುತ್ತಿದ್ದೆನೇನೋ. ಹದಿನೈದು ವರ್ಷ ಕಷ್ಟಪಟ್ಟು ಕಟ್ಟಿದ ಇಂಗ್ಲಿಷಿನ ಬೇಲಿಯನ್ನು ಈ ಹೆಂಗಸು ಒಂದು ತಂಬಿಗೆ ನೀರು ಹಿಡಿದು ದಾಟಿ ಒಳಗೆ ಬಂದಿದ್ದಳು. ನಾನು ಅಪ್ಪನ ಹಿಂದೆ ಗಂಟು ಹೊತ್ತು ನಡೆದವಳು ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದಿತ್ತು. ಮುಖ ಬಿಸಿಯಾಯಿತು. “ಓನ್ಲಿ ಇಂಗ್ಲಿಷ್” ಎಂದು ಡಸ್ಟರಿನಿಂದ ಮೇಜು ಕುಟ್ಟಿದೆ.

ಮನೆಯಲ್ಲಿ ಅಮ್ಮಿಗೆ ಹೇಳಿದೆ. ನಮ್ಮ ಮನೆಮಾತು ದಖನಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಮ್ಮಿ ಆ ಊರಿನ ಹೆಸರು ಕೇಳಿ ಮುಖ ಅರಳಿಸಿದಳು. “ಆ ಮನೆಯವರ ನೀರು ಕುಡಿದ ಮೇಲೇ ನಿನ್ನ ಅಬ್ಬಾ ಗಂಟು ಬಿಚ್ಚುತ್ತಿದ್ದುದು. ಬಿಸಿಲಲ್ಲಿ ಬಂದವನಿಗೆ ಮೊದಲು ನೀರು, ಆಮೇಲೆ ಮಾತು. ಆ ಹುಡುಗಿಗೆ ನನ್ನ ಸಲಾಂ ಹೇಳು” ಅಂದಳು. ನಾನು ಹೇಳಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ನಡುಮಧ್ಯಾಹ್ನವೇ ಹಿಡಿದುಕೊಂಡು ತಿರುಗುತ್ತಿದ್ದೆ, ನೆರಳು ಬೇರೆಯವರ ಮೇಲೆ ಬೀಳದ ಹಾಗೆ.

ಮೂರನೇ ವಾರ ಸಿಟ್ಟಿನ ಗಿರಾಕಿಯ ಪಾಠ ಬಂತು. ಬಂದವರಿಗೆ ಐದು ಸೆಕೆಂಡಿನೊಳಗೆ ‘ಹೌ ಮೇ ಐ ಹೆಲ್ಪ್ ಯೂ’ ಅನ್ನಬೇಕು ಎಂದು ಕಲಿಸಿದೆ. ಅವಳು ಕೈ ಎತ್ತಿದಳು.

“ಮೇಡಂ, ಅಂವ ಸಿಟ್ಟಿನಾಗ ಬಂದಿರ್ತಾನಲ್ರಿ, ಮೊದಲ ನೀರ ಕೊಡೂದು ಬ್ಯಾಡೇನ್ರಿ? ಗೇಟಿನಾಗ ನಾ ಹಂಗ ಮಾಡ್ತೀನ್ರಿ. ಕುಡದು ಗ್ಲಾಸ್ ಇಡೂದ್ರಾಗ ಅರ್ಧ ಸಿಟ್ಟು ಇಳದಿರತೈತ್ರಿ.”

ಕಲಿಸುವಾಗ ಇಂಗ್ಲಿಷ್ ಆಡುವ ನನ್ನ ನಾಲಿಗೆ, ಚುಚ್ಚುವಾಗ ಮಾತ್ರ ಈ ಕಡೆಯ ಕನ್ನಡಕ್ಕೆ ಹೊರಳುತ್ತಿತ್ತು. “ಕೊಡವಾ, ಕೊಡು. ಗಂಟಲ ಒಣಗಿದ್ರ ಬೈಯಾಕ ಬರಂಗಿಲ್ಲ ಪಾಪ” ಅಂದೆ. ಎಲ್ಲರೂ ಗೊಳ್ಳೆಂದರು. ಅವಳೂ ನಕ್ಕಳು, ನಕ್ಕು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ನಾನು ಹೊಡೆದ ಚಾಟಿಯನ್ನು ಆ ಪುಣ್ಯಾತ್ಗಿತ್ತಿ ಪಾಠ ಎಂದು ತಿಳಿದುಕೊಂಡಿದ್ದಳು.

ಪರೀಕ್ಷೆಯ ದಿನ ಕಾರ್ಖಾನೆಯಿಂದ ಒಬ್ಬ ಅಧಿಕಾರಿ ನೋಡಲು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. ಅವರ ಎದುರು ನನ್ನ ಬಿಗಿ ತೋರಿಸುವ ಹುಮ್ಮಸ್ಸು ಬೇರೆ. ಅವಳು ಏಳನೆಯವಳು. ಮೊದಲ ನಾಲ್ಕು ಕಾಲಮ್ಮುಗಳಲ್ಲಿ ಎಷ್ಟು ಜಿಪುಣತನ ಮಾಡಿದರೂ ಇಪ್ಪತ್ತೆಂಟು ಹಾಕಲೇಬೇಕಾಯಿತು. ಐವತ್ತಕ್ಕೆ ಮೂವತ್ತು ಬಂದರೆ ಪಾಸು. ಆಟದಲ್ಲಿ ಎರಡು ವಾಕ್ಯ ಆಡಿದರೂ ಅವಳು ದಡ ಸೇರುತ್ತಿದ್ದಳು.

ನಾನು ಬಾಗಿಲು ತಳ್ಳಿ ಒಳಗೆ ಬಂದೆ. ನನ್ನ ಲಾರಿ ಬೆಳಗಿನಿಂದ ನಿಂತಿದೆ, ನಿಮ್ಮ ಕಾರ್ಖಾನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂದು ಇಂಗ್ಲಿಷಿನಲ್ಲಿ ಕೂಗಾಡಿ, ಅಧಿಕಾರಿಯ ಪಕ್ಕದ ನನ್ನ ಕುರ್ಚಿ ಎಳೆದು ಕೂತೆ. ಅವಳು ಎದ್ದು ನಿಂತಳು. ಮೇಜಿನ ಮೇಲೆ ನನಗೆಂದೇ ಇಟ್ಟ ಬಾಟಲಿ ಇತ್ತು, ಪಕ್ಕದಲ್ಲಿ ಸ್ಟೀಲಿನ ಗ್ಲಾಸು. ಗ್ಲಾಸಿಗೆ ನೀರು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟಳು. “ಪ್ಲೀಸ್, ಸರ್” ಅಂದಳು, ಆಟದ ಲಾರಿ ಮಾಲೀಕನಿಗೆ. ಆಮೇಲೆ ಕೈ ಕಟ್ಟಿ ನಿಂತಳು.

ಅವಳು ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಎರಡು ವರ್ಷ ನನಗೆ ನಾನೇ ಬೇರೆ ಏನೇನೋ ಹೇಳಿಕೊಂಡಿದ್ದೇನೆ. ನಮ್ಮ ಕಡೆ ಬಂದವರು ಕುಡಿದು ಗ್ಲಾಸು ಕೆಳಗಿಡುವ ತನಕ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ನಾನು ಒಂದು ಗುಟುಕು ಕುಡಿದರೆ ಸಾಕಿತ್ತು. ಗ್ಲಾಸು ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ನಾನು ಕೈ ಮಡಿಲಲ್ಲಿ ಇಟ್ಟುಕೊಂಡು ಗಡಿಯಾರ ನೋಡಿದೆ.

ಐದು ಸೆಕೆಂಡ್. ಹತ್ತು. ಅವಳು ಗ್ಲಾಸಿನತ್ತ ನೋಡಿ ನನ್ನ ಮುಖ ನೋಡಿದಳು, ಕುಡೀರಿ ಎನ್ನುವಂತೆ ಸ್ವಲ್ಪ ತಲೆ ಬಾಗಿಸಿದಳು. ನಾನು ಪೆನ್ನು ತೆಗೆದು ಹಾಳೆಯ ಮೇಲೆ ಒಂದೊಂದೇ ಗೀಟು ಎಳೆಯತೊಡಗಿದೆ. ಮೂವತ್ತು ಸೆಕೆಂಡಿಗೆ ಗ್ಲಾಸನ್ನು ಒಂದಿಷ್ಟು ನನ್ನ ಹತ್ತಿರಕ್ಕೆ ಸರಿಸಿದಳು. ನನಗೆ ಖುಷಿಯಾಗುತ್ತಿತ್ತು. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ, ಅದು ಖುಷಿಯೇ.

ಪಕ್ಕದ ಅಧಿಕಾರಿ ನನ್ನ ಕಡೆ ಬಾಗಿ, ಅವಳು ಯಾವುದಕ್ಕಾದರೂ ಕಾಯುತ್ತಿದ್ದಾಳೆಯೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಸಾವಿರ ಮೈಲಿ ದೂರದ ಮನುಷ್ಯನಿಗೆ ಅನುಮಾನ ಬಂದಿತ್ತು. ಅವಳ ಅವ್ವನ ಕೈಯ ನೀರು ಕುಡಿದವನ ಮಗಳು ನಾನು. “ನೋ. ಶಿ ಹ್ಯಾಸ್ ನೋ ವರ್ಡ್ಸ್” ಅಂದೆ, ಅವಳ ಬಳಿ ಶಬ್ದಗಳೇ ಇಲ್ಲ ಎಂದು. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಆ ಮಾತು ಅವಳಿಗೂ ಕೇಳಿಸಿತು, ಅರ್ಥವೂ ಆಯಿತು. ಇಂಗ್ಲಿಷ್ ಅರ್ಥವಾಗುವುದರಲ್ಲಿ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ.

ಬಾಯಿ ತೆರೆದಳು. ಅಷ್ಟರಲ್ಲಿ ಎರಡು ನಿಮಿಷ ಮುಗಿಯಿತು. ಗೀಟುಗಳನ್ನು ಕಳೆದು, ಗಿರಾಕಿಯನ್ನು ಸಂಭಾಳಿಸುವ ಕಾಲಮ್ಮಿನಲ್ಲಿ ದುಂಡಗೆ ಒಂದು ಸೊನ್ನೆ ಬರೆದೆ. ಒಟ್ಟು ಇಪ್ಪತ್ತೆಂಟು.

ಮಧ್ಯಾಹ್ನ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. “ಮೇಡಂ, ಒಂದ ಮಾತ ಕೇಳ್ಲೇನ್ರಿ? ನೀರ ಯಾಕ ಮುಟ್ಟಲಿಲ್ರಿ?”

ನಿಯಮ ಎಂದು ಹೇಳಬಹುದಿತ್ತು. ಕಣ್ಣು ತಪ್ಪಿಸಿ ಹೋಗಬಹುದಿತ್ತು. “ರೋಜಾ ಹಿಡದೀನಿ” ಅಂದೆ.

“ರಂಜಾನ ಇನ್ನೂ ದೂರ ಐತಲ್ರಿ?”

“ಹರಕಿ ರೋಜಾ.”

ಅವಳು ನಾಲಿಗೆ ಕಚ್ಚಿಕೊಂಡಳು. ಎರಡೂ ಗಲ್ಲ ಬಡಿದುಕೊಂಡಳು. “ಯಪ್ಪಾ, ಎಂಥಾ ತಪ್ಪ ಮಾಡಿದ್ನಿರಿ! ಉಪಾಸ ಇದ್ದವರ ಮುಂದ ನೀರ ಹಿಡದ ನಿಂತ್ನೆಲ್ರಿ. ಅದಕ್ಕ ನನಗ ಹಿಂಗಾತು. ಮನಸ್ಸಿಗೆ ಹಚಗೋಬ್ಯಾಡ್ರಿ ಮೇಡಂ, ನಂದ ತಪ್ಪರಿ.” ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು, ನಾನು ಹಿಂದೆ ಸರಿದೆ. ಪರೀಕ್ಷೆ ಶುರುವಾಗುವ ಮೊದಲು ಕೆಳಗಿನ ಖಾನಾವಳಿಯಲ್ಲಿ ನಾನು ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿಂದು ಎರಡು ಕಪ್ ಚಹಾ ಕುಡಿದಿದ್ದೆ. ಹಲ್ಲಿನ ಸಂದಿಯಲ್ಲಿ ಜೀರಿಗೆ ಇನ್ನೂ ಇತ್ತು.

ಅಂಕಪಟ್ಟಿ ಕಳಿಸಲು ಮೂರು ದಿನ ಗಡುವಿತ್ತು. ಆ ಮೂರು ದಿನ ಹಾಳೆ ನನ್ನ ಚೀಲದಲ್ಲೇ ಇತ್ತು. ಸೊನ್ನೆಯ ಎಡಕ್ಕೆ ಒಂದು ಗೀಟು ಎಳೆದಿದ್ದರೆ ಹತ್ತಾಗುತ್ತಿತ್ತು, ಒಟ್ಟು ಮೂವತ್ತೆಂಟು, ಯಾರೂ ಕೇಳುತ್ತಿರಲಿಲ್ಲ. ನಾನು ಎಳೆಯಲಿಲ್ಲ. ನಿಯಮ ಎಂದರೆ ನಿಯಮ ಎಂದುಕೊಂಡೆ, ಚೆನ್ನಾಗಿ ನಿದ್ದೆಯೂ ಬಂತು.

ಕಾಲ ಯಾರನ್ನೂ ಬಿಡುವುದಿಲ್ಲ ಅಂತಾರೆ. ನನ್ನ ವಿಷಯದಲ್ಲಿ ಅದು ಒಂದು ಫೋನಿನ ರೂಪದಲ್ಲಿ ಬಂತು. ಈ ವರ್ಷದಿಂದ ಆ ಕಾರ್ಖಾನೆಯವರು ಪರೀಕ್ಷೆಗೆ ಮನುಷ್ಯರನ್ನು ಕರೆಯುವುದನ್ನು ಬಿಟ್ಟರು. ಫೋನಿಗೆ ಮಾತಾಡಿದರೆ ಅದೇ ಕೇಳಿ ಅಂಕ ಕೊಡುತ್ತದೆ. ಕಲಿಸುವವರೂ ಅದರ ಮುಂದೆ ಪಾಸಾಗಬೇಕು. ಮನೆಯ ಪಡಸಾಲೆಯಲ್ಲಿ ಕೂತು ನಾನೂ ಮಾತಾಡಿದೆ. ನಡುವೆ ಅಮ್ಮಿ ಕೆಮ್ಮಿದಳು, ನೀರು ಕೊಡಲು ಎದ್ದೆ, ಮರಳಿ ಬರುವುದರಲ್ಲಿ ಫೋನು ಸೊನ್ನೆ ಕೊಟ್ಟು ನನ್ನನ್ನು ಫೇಲು ಮಾಡಿತ್ತು. ಸುಮ್ಮನಿದ್ದ ಕಾಲ ಹೆಚ್ಚಾಯಿತಂತೆ. ಸೊನ್ನಿ ಮೇಡಂಗೆ ಬಂದ ಸೊನ್ನೆಯನ್ನು ಯಾರಿಗೂ ಹೇಳಲಿಲ್ಲ, ಸಿಟ್ಟು ನೆತ್ತಿಗೇರಿ ಮರುದಿನವೇ ಬಸ್ಸು ಹತ್ತಿ ಕಾರ್ಖಾನೆಗೆ ಹೋದೆ. ಅಂದು ನನ್ನ ಪಕ್ಕ ಕೂತಿದ್ದ ಅಧಿಕಾರಿಯನ್ನೇ ಕೇಳೋಣವೆಂದು.

ಭೇಟಿಗೆ ಬಂದವರು ಕೂರುವ ಕೋಣೆಯಲ್ಲಿ, ಕೌಂಟರಿನ ಹಿಂದೆ ನನ್ನದೇ ಶಿಷ್ಯೆಯೊಬ್ಬಳಿದ್ದಳು. ಅದೇ ಹನ್ನೆರಡು ಮಂದಿಯಲ್ಲಿ ನಾನು ನಲವತ್ತಾರು ಅಂಕ ಕೊಟ್ಟವಳು. ನಾನು ಸ್ವರ ಏರಿಸಿದೆ. ಅವಳು ಒಂದು ಸೆಕೆಂಡೂ ತಡಮಾಡದೆ, ನಿಮ್ಮ ತೊಂದರೆ ನನಗೆ ಪೂರ್ತಿ ಅರ್ಥವಾಗುತ್ತದೆ ಮೇಡಂ ಎಂದು ಇಂಗ್ಲಿಷಿನಲ್ಲಿ ಅಂದಳು. ಸಾಹೇಬರು ಯಾವಾಗ ಸಿಗುತ್ತಾರೆ ಎಂದರೆ ಅದೇ ಮಾತು. ನನ್ನನ್ನು ಗುರುತು ಹಿಡಿಯಲಿಲ್ಲವೇ ಎಂದರೂ ಅದೇ ಮಾತು, ಅದೇ ಮುಗುಳ್ನಗೆ. ನಾನೇ ಕಲಿಸಿದ ವಾಕ್ಯ, ಉಚ್ಚಾರದಲ್ಲಿ ಒಂದು ಕೊಂಕೂ ಇರಲಿಲ್ಲ. ಗಂಟಲು ಒಣಗಿ ಮೂಲೆಯ ಕುರ್ಚಿಯಲ್ಲಿ ಕುಸಿದೆ.

ಒಳಬಾಗಿಲಿನಿಂದ ಟ್ರೇ ಹಿಡಿದು ಅವಳು ಬಂದಳು, ನಾನು ಸೊನ್ನೆ ಹಾಕಿದವಳು. ಬಂದವರಿಗೆ ನೀರು, ಚಹಾ ಕೊಡುವ ಕೆಲಸ. ಫೇಲಾದ ಮೇಲೆ ಚೀಟಿಯ ಕುರ್ಚಿ ಹೋಗಿ, ಬೇರೆ ಗುತ್ತಿಗೆದಾರರ ಮೂಲಕ ಇಲ್ಲಿ ಸೇರಿದ್ದಳು. ನನ್ನನ್ನು ಕಂಡು ಮುಖ ತುಂಬ ನಕ್ಕಳು. ಗ್ಲಾಸನ್ನು ಅರ್ಧ ಎತ್ತಿ, ಥಟ್ಟನೆ ತಡೆದಳು.

“ಇವತ್ತ ರೋಜಾ ಇಲ್ಲಲ್ರಿ ಮೇಡಂ?”

“ಇಲ್ಲ” ಅಂದೆ.

ಎರಡೂ ಕೈಯಲ್ಲಿ ಕೊಟ್ಟಳು. ನಾನು ಕುಡಿದೆ. ಅವಳು ಕಾದಳು. ಗ್ಲಾಸು ಕೆಳಗಿಟ್ಟ ಮೇಲೆ, ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು ಹೇಳಿದಳು: “ನೌ ಟೆಲ್ ಮಿ, ಮೇಡಂ. ವಾಟ್ ಈಸ್ ದ ಪ್ರಾಬ್ಲಮ್? ಐ ವಿಲ್ ಸ್ಟ್ಯಾಂಡ್ ಹಿಯರ್ ಅಂಟಿಲ್ ಇಟ್ ಈಸ್ ಸಾಲ್ವ್ಡ್.” ಬಗೆಹರಿಯುವ ತನಕ ನಾನು ಇಲ್ಲೇ ನಿಂತಿರುತ್ತೇನೆ ಎಂದು. ಆಮೇಲೆ ನಾಚಿ ನಕ್ಕಳು. “ಅವತ್ತ ಇದ ಹೇಳಾಕಿದ್ದೆರಿ. ಮನ್ಯಾಗ ಭಾಳ ಸಲ ಅಂದ ನೋಡಕೊಂಡಿದ್ದೆ. ನಿಮ್ಮ ರೋಜಾ ಇತ್ತು, ನನ್ನ ನಸೀಬ ಇರಲಿಲ್ಲ.”

ಐವತ್ತಕ್ಕೆ ಎಷ್ಟು ಹಾಕಬಹುದಿತ್ತು ಎಂದು ನನ್ನ ಹಾಳು ತಲೆ ಆಗಲೂ ಲೆಕ್ಕ ಹಾಕಿತು. ಏನಾದರೂ ಕೇಳಬೇಕಲ್ಲ ಎಂದು, ಮಗಳು ಹೇಗಿದ್ದಾಳೆ ಎಂದೆ.

“ಛಲೋ ಅದಾಳ್ರಿ. ನನ್ನ ಪಾಳಿ ಹಂಗ ಐತಿ ನೋಡ್ರಿ, ಆಕಿ ಈಗ ನಮ್ಮ ತಂಗಿನ್ನ ಅವ್ವ ಅಂತಾಳ್ರಿ. ನನಗ ದೊಡ್ಡವ್ವ ಅಂತಾಳ್ರಿ.” ಅದನ್ನೂ ನಗುತ್ತಲೇ ಹೇಳಿದಳು, ನಗು ಮಾತ್ರ ಕೊನೆಯ ತನಕ ಬರಲಿಲ್ಲ.

ಸುಮ್ಮನಿರಬಹುದಿತ್ತು. ಅವಳಿಗೆ ಒಂದು ಸಮಾಧಾನವಿತ್ತು, ಯಾರದೂ ತಪ್ಪಲ್ಲ, ನಸೀಬು ಎಂದು. ಅದನ್ನು ಅವಳ ಪಾಲಿಗೆ ಬಿಡುವುದೇ ದಯೆ ಎಂದು ಈಗ ಅನ್ನಿಸುತ್ತದೆ. ಆದರೆ ನನ್ನ ಎದೆಯ ಭಾರ ನನಗೆ ದೊಡ್ಡದಾಯಿತು, ಇಳಿಸಲು ಅವಳೇ ಸಿಕ್ಕಳು.

“ಅವತ್ತೂ ರೋಜಾ ಇರಲಿಲ್ಲ” ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಟ್ರೇಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ನನ್ನ ಮುಖ ನೋಡಿದಳು, ಗ್ಲಾಸು ನೋಡಿದಳು.

“ಕುಡದ್ರ ನಾ ಮಾತಾಡ್ತೀನಿ ಅಂತ ಗೊತ್ತಿತ್ತೇನ್ರಿ ನಿಮಗ?”

“ಗೊತ್ತಿತ್ತು.”

ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬಹುಶಃ ಅದಕ್ಕೇ ಹೇಳಿದ್ದೆ. ಅವಳು ನಾನು ಕುಡಿದ ಗ್ಲಾಸನ್ನು ಎರಡು ಬೆರಳಲ್ಲಿ ಎತ್ತಿ, ತಳದಲ್ಲಿ ಉಳಿದ ನೀರನ್ನು ಕಿಟಕಿಯ ಹತ್ತಿರದ ಕುಂಡಕ್ಕೆ ಚೆಲ್ಲಿ, ಟ್ರೇಯಲ್ಲಿ ಬೋರಲು ಹಾಕಿದಳು.

ಆಗ ಹೊರಗಿನಿಂದ ಒಬ್ಬ ಲಾರಿ ಮಾಲೀಕ ಕೂಗಾಡುತ್ತಾ ಒಳಗೆ ಬಂದ. ಕೌಂಟರಿನ ಹುಡುಗಿ ನಿಮ್ಮ ತೊಂದರೆ ನನಗೆ ಪೂರ್ತಿ ಅರ್ಥವಾಗುತ್ತದೆ ಎಂದು ಶುರು ಮಾಡಿದಳು, ಅವನು ಇನ್ನಷ್ಟು ಕೂಗಿದ. ಇವಳು ಹೋಗಿ ಅವನ ಮುಂದೆ ಎರಡೂ ಕೈಯಲ್ಲಿ ನೀರು ಹಿಡಿದಳು. ಅವನು ಕೂಗುವುದನ್ನು ನಿಲ್ಲಿಸಿ ಗ್ಲಾಸು ತೆಗೆದುಕೊಂಡ. ಅವನು ಕುಡಿದು ಮುಗಿಸುವ ತನಕ ಅವಳು ನನಗೆ ಬೆನ್ನು ಮಾಡಿ ನಿಂತಿದ್ದಳು.

ಸಾಹೇಬರು ಆ ದಿನ ಸಿಗಲಿಲ್ಲ. ಸಂಜೆಯ ತನಕ ಕೂತಿದ್ದೆ. ಅವಳು ನಾಲ್ಕು ಸಲ ಟ್ರೇ ಹಿಡಿದು ಬಂದಳು, ನನ್ನ ಎಡಗಡೆಯವರಿಗೂ ಬಲಗಡೆಯವರಿಗೂ ಕೊಟ್ಟಳು. ನನಗೆ ಬಹಳ ನೀರಡಿಕೆಯಾಗಿತ್ತು, ಆದರೆ ನಾನು ಕೇಳಲಿಲ್ಲ.